ಅಗ್ರಿ ಓದಿದ ಗಾಲ್‌ಬ್ರೇತ್ ರಾಯಭಾರಿ ಆದದ್ದು ಹೇಗೆ? ಧಾರವಾಡದಿಂದ ಒಂದು ಪ್ರಶ್ನೆ

ಅಗ್ರಿ ವಿದ್ಯಾರ್ಥಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಬಿಎಸ್ಸಿ ಅಗ್ರಿ ಕೊನೆಯ ವರ್ಷದಲ್ಲಿದ್ದೇನೆ. ಊರು ಹಾನಗಲ್ ಕಡೆ, ಮನೆಯಲ್ಲಿ ಭತ್ತ, ಗೋವಿನಜೋಳ ಬೆಳೆಯುತ್ತೇವೆ. ಹಾಸ್ಟೆಲ್‌ನಲ್ಲಿ ಯಾರನ್ನು ಕೇಳಿದರೂ ಎರಡೇ ದಾರಿ ತೋರಿಸುತ್ತಾರೆ. ಬ್ಯಾಂಕಿನ ಎಎಫ್‌ಓ (ಕೃಷಿ ಸಾಲದ ಅಧಿಕಾರಿ) ಪರೀಕ್ಷೆ ಬರಿ, ಇಲ್ಲವೇ ಕೃಷಿ ಅಧಿಕಾರಿ ಹುದ್ದೆಗೆ ಕಾಯಿ. ಎರಡೂ ಒಳ್ಳೆಯ ಕೆಲಸಗಳೇ. ಆದರೆ ನನ್ನ ಮನಸ್ಸು ಅರ್ಥಶಾಸ್ತ್ರದ ಕಡೆ ಎಳೆಯುತ್ತಿದೆ. ಬೆಳೆ ಚೆನ್ನಾಗಿ ಬಂದ ವರ್ಷವೇ ಅಪ್ಪ ಜಾಸ್ತಿ ಚಿಂತೆ ಮಾಡುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಹಾಗೇಕೆ ಅನ್ನುವುದನ್ನು ಸರಿಯಾಗಿ ತಿಳಿಯಬೇಕು ಅನ್ನುವ ಆಸೆ.

ಮೊನ್ನೆ ಕೃಷಿ ಅರ್ಥಶಾಸ್ತ್ರದ ತರಗತಿಯಲ್ಲಿ ಜಾನ್ ಕೆನೆತ್ ಗಾಲ್‌ಬ್ರೇತ್ ಹೆಸರು ಬಂತು. ಕೆನಡಾದ ರೈತನ ಮಗ, ಕೃಷಿ ಕಾಲೇಜಿನಲ್ಲಿ ಓದಿದವರು, ಅಮೆರಿಕಕ್ಕೆ ವಲಸೆ ಹೋಗಿ ಹಾರ್ವರ್ಡ್ ಪ್ರೊಫೆಸರ್ ಆದರು, 1961ರಲ್ಲಿ ಭಾರತಕ್ಕೇ ರಾಯಭಾರಿಯಾಗಿ ಬಂದರು ಎಂದು ಮೇಡಂ ಹೇಳಿದರು. ಅಷ್ಟಕ್ಕೇ ಗಂಟೆ ಹೊಡೆಯಿತು.

ನನಗೆ ತಿಳಿಯಬೇಕಾದದ್ದು: ಅಗ್ರಿ ಪದವಿಯಿಂದ ಅಲ್ಲಿಯವರೆಗೆ ಅವರು ಹೇಗೆ ಹೋದರು? ನಮ್ಮ ದೇಶಕ್ಕೆ ಬಂದು ನಿಜಕ್ಕೂ ಏನು ಮಾಡಿದರು? ಇವತ್ತು ನನ್ನಂಥವರಿಗೆ ಆ ದಾರಿಯಿಂದ ಕಲಿಯುವುದು ಏನಾದರೂ ಇದೆಯಾ?

ಸಪ್ತಾಪುರದ ನಿವೃತ್ತ ಉಪನ್ಯಾಸಕ

ತಮ್ಮಾ, ಈ ಪ್ರಶ್ನೆ ನೋಡಿ ನನಗೆ ಬಹಳ ಖುಷಿಯಾಯಿತು. ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಗಾಲ್‌ಬ್ರೇತ್ ಬಗ್ಗೆ ಮಾತಾಡಲು ಕೂತರೆ ನಿಲ್ಲಿಸುವುದು ಕಷ್ಟ. ಸ್ವಲ್ಪ ಉದ್ದ ಬರೆಯುತ್ತೇನೆ, ಸಮಾಧಾನದಿಂದ ಓದು.

ಅವರು ಹುಟ್ಟಿದ್ದು 1908ರ ಅಕ್ಟೋಬರ್ 15ರಂದು, ಒಂಟಾರಿಯೊ ಪ್ರಾಂತ್ಯದ ಅಯೋನಾ ಸ್ಟೇಷನ್ ಎಂಬ ಸಣ್ಣ ಊರಿನಲ್ಲಿ. ಸ್ಕಾಟ್ಲೆಂಡಿನಿಂದ ಬಂದು ನೆಲೆಸಿದ ಒಕ್ಕಲು ಮನೆತನ. ತಂದೆ ಮೊದಲು ಶಾಲೆ ಕಲಿಸುತ್ತಿದ್ದರು, ಆಮೇಲೆ ಒಕ್ಕಲುತನ. ಊರಿನ ರಾಜಕೀಯದಲ್ಲೂ ಅವರ ಮಾತು ನಡೆಯುತ್ತಿತ್ತು. ಮಗ ಗ್ವೆಲ್ಫ್ ಪಟ್ಟಣದ ಒಂಟಾರಿಯೊ ಕೃಷಿ ಕಾಲೇಜಿಗೆ ಸೇರಿದ. ಓದಿದ್ದು ಮುಖ್ಯವಾಗಿ ಪಶುಸಂಗೋಪನೆ. ಪದವಿ ಮುಗಿದದ್ದು 1931ರಲ್ಲಿ.

ಆ ವರ್ಷ ಗಮನಿಸು. ಜಗತ್ತಿನ ವ್ಯಾಪಾರವೇ ಬಿದ್ದುಹೋದ ಮಹಾ ಆರ್ಥಿಕ ಕುಸಿತ ಶುರುವಾಗಿ ಎರಡು ವರ್ಷ ಆಗಿತ್ತು. ಹೊಲದಲ್ಲಿ ಫಸಲಿದೆ, ಕೊಟ್ಟಿಗೆಯಲ್ಲಿ ದನವಿದೆ, ಕೊಳ್ಳುವವರಿಲ್ಲ. ಒಳ್ಳೆಯ ತಳಿಯ ದನ ಸಾಕುವುದು ಹೇಗೆ ಎಂದು ಕಾಲೇಜು ಕಲಿಸುತ್ತಿತ್ತು. ಸಾಕಿದ ದನ ಮಾರಾಟವೇ ಆಗದಿದ್ದರೆ ಆ ವಿದ್ಯೆಯಿಂದ ಏನು ಬಂತು ಅನ್ನುವ ಪ್ರಶ್ನೆ ಗಾಲ್‌ಬ್ರೇತ್ ತಲೆಗೆ ಹೊಕ್ಕಿತು. ಪಶುಸಂಗೋಪನೆ ಬಿಟ್ಟು ಕೃಷಿ ಅರ್ಥಶಾಸ್ತ್ರಕ್ಕೆ ಬಂದದ್ದು ಈ ಪ್ರಶ್ನೆ ಹಿಡಿದುಕೊಂಡೇ. ನಿನ್ನ ಅಪ್ಪನ ಚಿಂತೆಯೂ ಇದೇ ಅಲ್ವಾ?

ಮುಂದಿನದು ಒಂದು ನೋಟಿಸ್ ಬೋರ್ಡಿನ ಕಥೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಜಿಯಾನಿನಿ ಫೌಂಡೇಶನ್ ಎಂಬ ಕೃಷಿ ಅರ್ಥಶಾಸ್ತ್ರದ ಸಂಸ್ಥೆ ಇದೆ. ಅಲ್ಲಿ ಸಂಶೋಧನಾ ಸಹಾಯಕರು ಬೇಕು, ವರ್ಷಕ್ಕೆ 720 ಡಾಲರ್ ಎಂದು ಒಂದು ಪ್ರಕಟಣೆ ಗ್ವೆಲ್ಫ್‌ನಲ್ಲಿ ಅಂಟಿಸಿದ್ದರು. ಅದನ್ನು ಓದಿ ಅರ್ಜಿ ಹಾಕಿದರು, ಕೆಲಸ ಸಿಕ್ಕಿತು. ವಲಸೆ ಶುರುವಾದದ್ದು ಹಾಗೆ. ಬರ್ಕ್ಲಿಯಲ್ಲಿ ಮೊದಲು ಮಾಡಿದ ಕೆಲಸಗಳಲ್ಲಿ ಒಂದು ಕ್ಯಾಲಿಫೋರ್ನಿಯಾದ ಜೇನು ಉದ್ಯಮದ ಅಧ್ಯಯನ. ಪಿಎಚ್‌ಡಿ ಮಾಡಿದ್ದು ಆ ರಾಜ್ಯದ ಕೌಂಟಿಗಳು ಅಂದರೆ ಜಿಲ್ಲಾ ಆಡಳಿತಗಳು ಹಣ ಹೇಗೆ ಖರ್ಚು ಮಾಡುತ್ತವೆ ಅನ್ನುವುದರ ಮೇಲೆ. ಜೇನಿನ ಮಾರುಕಟ್ಟೆ, ಜಿಲ್ಲೆಯ ಲೆಕ್ಕಪತ್ರ. ಎರಡೂ ನೆಲದ ಮೇಲಿನ ವಿಷಯಗಳು.

1934ರಲ್ಲಿ ಪಿಎಚ್‌ಡಿ, ಅದೇ ವರ್ಷ ಹಾರ್ವರ್ಡ್‌ನಲ್ಲಿ ಕೆಳಹಂತದ ಬೋಧಕ ಹುದ್ದೆ. 1937ರಲ್ಲಿ ಅಮೆರಿಕದ ಪೌರತ್ವ. ಅದೇ ವರ್ಷ ಮದುವೆ. ಆ ಮೇಲೆ ಒಂದು ವರ್ಷ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಕಳೆದು ಬಂದರು. ಆ ಕಾಲದ ದೊಡ್ಡ ಅರ್ಥಶಾಸ್ತ್ರಜ್ಞ ಕೇನ್ಸ್ ಅಲ್ಲಿದ್ದರು ಎಂದೇ ಹೋದದ್ದು, ಆದರೆ ಕೇನ್ಸ್ ಆಗ ಕಾಯಿಲೆ ಬಿದ್ದಿದ್ದರು. ಅವರ ಶಿಷ್ಯರ ಜೊತೆ ಓದಿ ಮರಳಿದರು.

ಯುದ್ಧ ಬಂತು. 1941ರಿಂದ 1943ರವರೆಗೆ ಬೆಲೆ ನಿಯಂತ್ರಣ ಕಚೇರಿಯಲ್ಲಿ ಇಡೀ ಅಮೆರಿಕದ ಬೆಲೆಗಳ ಉಸ್ತುವಾರಿ ಅವರದು. ಆಗ ವಯಸ್ಸು ಮೂವತ್ತರ ಆಸುಪಾಸು. ಮಾಂಸ, ಟೈರ್, ಬಟ್ಟೆ, ಎಲ್ಲದಕ್ಕೂ ಇಷ್ಟಕ್ಕಿಂತ ಜಾಸ್ತಿ ಬೆಲೆ ಕೂಡದು ಎಂದು ಹೇಳುವ ಕೆಲಸ. ವ್ಯಾಪಾರಿಗಳೂ ಅಲ್ಲಿನ ಸಂಸತ್ತಿನ ಸದಸ್ಯರೂ ಮುಗಿಬಿದ್ದರು. 1943ರಲ್ಲಿ ಕುರ್ಚಿ ಬಿಡಬೇಕಾಯಿತು.

ಅಲ್ಲಿಂದ ಹೋದದ್ದು ಫಾರ್ಚೂನ್ ಪತ್ರಿಕೆಗೆ. ಇದು ಜನ ಲೆಕ್ಕಕ್ಕೆ ಹಿಡಿಯದ ಭಾಗ. ನನ್ನ ಮಟ್ಟಿಗೆ ಅವರ ಬದುಕಿನಲ್ಲಿ ಬಹಳ ಮುಖ್ಯವಾದದ್ದು ಇದೇ. ಐದು ವರ್ಷ ಸಂಪಾದಕರ ಸಾಲಿನಲ್ಲಿ ಕೂತು, ವ್ಯಾಪಾರ ಮತ್ತು ಹಣದ ವಿಷಯ ಸಾಮಾನ್ಯ ಓದುಗನಿಗೆ ತಿಳಿಯುವಂತೆ ಬರೆಯುವುದನ್ನು ಕಲಿತರು. ಒಂದು ವಾಕ್ಯದಲ್ಲಿ ಬೇಡದ ಪದ ಕಂಡರೆ ಹೊಡೆದುಹಾಕುವ ಶಿಸ್ತು ಅಲ್ಲಿಂದ ಬಂದದ್ದು ಎಂದು ಅವರೇ ಹೇಳಿಕೊಂಡಿದ್ದಾರೆ.

ನಡುವೆ 1945ರಲ್ಲಿ, ಜರ್ಮನಿಯ ಮೇಲೆ ಹಾಕಿದ ಬಾಂಬುಗಳಿಂದ ಎಷ್ಟು ಪರಿಣಾಮ ಆಯಿತು ಎಂದು ಪರಿಶೀಲಿಸುವ ಸರಕಾರಿ ಸಮೀಕ್ಷೆಯಲ್ಲಿ ದೊಡ್ಡ ಜವಾಬ್ದಾರಿ ಸಿಕ್ಕಿತು. ಬಾಂಬು ಬೀಳುತ್ತಿದ್ದಾಗಲೂ 1944ರವರೆಗೆ ಜರ್ಮನಿಯ ಯುದ್ಧ ಸಾಮಗ್ರಿ ಉತ್ಪಾದನೆ ಏರುತ್ತಲೇ ಇತ್ತು ಎಂದು ಲೆಕ್ಕ ತೋರಿಸಿತು. ವಾಯುಪಡೆಗೆ ಇದು ಹಿಡಿಸಲಿಲ್ಲ. ಆದರೂ ಹೇಳಿದರು. ಮುಂದೆ ಹಾರ್ವರ್ಡ್‌ನಲ್ಲಿ ಪ್ರೊಫೆಸರ್ ಹುದ್ದೆ ಕೊಡುವಾಗ ಮೇಲ್ವಿಚಾರಣಾ ಮಂಡಳಿಯಲ್ಲಿ ಕೆಲವರು ಅಡ್ಡ ಬಂದರು. ವಿಶ್ವವಿದ್ಯಾಲಯದ ಅಧ್ಯಕ್ಷ ಕೋನಂಟ್ ಅವರ ಪರವಾಗಿ ಗಟ್ಟಿಯಾಗಿ ನಿಂತ ಮೇಲೆ 1949ರಲ್ಲಿ ಹುದ್ದೆ ಖಾಯಂ ಆಯಿತು. 1975ರಲ್ಲಿ ನಿವೃತ್ತಿ ಆಗುವವರೆಗೂ ಅದೇ ಅವರ ಮನೆ.

ರಾಯಭಾರದ ವಿಷಯ ಆಮೇಲೆ ಬರೆಯುತ್ತೇನೆ.

ಮೆಣಸಿನಕಾಯಿ ಮನೆ, ಬ್ಯಾಡಗಿ

ಸರ್, ಓದಿ ತುಂಬಾ ಸಂತೋಷವಾಯಿತು. ನಾನು ಎಂಎ ಅರ್ಥಶಾಸ್ತ್ರ ಮಾಡಿ ಈಗ ಊರಲ್ಲೇ ರೈತ ಉತ್ಪಾದಕರ ಸಂಘದ ಲೆಕ್ಕ ನೋಡುತ್ತೇನೆ. ತಂದೆ ಮೆಣಸಿನಕಾಯಿಯ ಡಬ್ಬಿ ಮತ್ತು ಕಡ್ಡಿ ತಳಿ ಎರಡೂ ಬೆಳೆಯುತ್ತಾರೆ.

ಗಾಲ್‌ಬ್ರೇತ್ 1952ರಲ್ಲಿ ಮುಂದಿಟ್ಟ ಒಂದು ವಿಚಾರ ಇಲ್ಲಿ ಹೇಳಲೇಬೇಕು. ಮಾರುಕಟ್ಟೆಯ ಒಂದು ಕಡೆ ದೊಡ್ಡವರು ಸೇರಿಕೊಂಡು ಬಲಿತರೆ, ಅವರನ್ನು ತಡೆಯುವುದು ಅದೇ ಕಡೆಯ ಪೈಪೋಟಿ ಒಂದೇ ಅಲ್ಲ, ಎದುರು ಕಡೆಯವರೂ ಒಟ್ಟಾಗಿ ಬೆಳೆಸಿಕೊಳ್ಳುವ ಬಲ ಎಂದರು. ಕಾರ್ಖಾನೆಗೆ ಎದುರು ಕಾರ್ಮಿಕ ಸಂಘ. ದೊಡ್ಡ ತಯಾರಕನಿಗೆ ಎದುರು ದೊಡ್ಡ ಅಂಗಡಿ ಸರಪಳಿ. ಖರೀದಿದಾರನಿಗೆ ಎದುರು ರೈತರ ಸಹಕಾರ ಸಂಘ. ಬಲ ಇಲ್ಲದವರು ಬಲ ಕಟ್ಟಿಕೊಳ್ಳಲು ಸರಕಾರ ನೆರವಾಗಬೇಕು ಅನ್ನುವುದೂ ಅದರ ಭಾಗ. ರೈತನ ಮಗನಿಗೇ ಹೊಳೆಯುವ ವಿಚಾರ ಇದು ಅನ್ನುವುದು ನನ್ನ ನಂಬಿಕೆ.

ನಮ್ಮ ಮಾರುಕಟ್ಟೆಯಲ್ಲಿ ನಿಂತು ನೋಡಿದರೆ ಇದು ಕಣ್ಣಿಗೆ ಕಾಣುತ್ತದೆ. ರೈತ ಬೆಳಗ್ಗೆ ಚೀಲ ತಂದು ದಲಾಲಿ ಅಂಗಡಿ ಮುಂದೆ ಇಳಿಸುತ್ತಾನೆ. ಹಮಾಲರು ಚೀಲ ಬಿಚ್ಚಿ ಲಾಟ್ ಮಾಡುತ್ತಾರೆ. ಖರೀದಿದಾರರು ಬಂದು ಕಾಯಿ ಮುರಿದು ನೋಡುತ್ತಾರೆ, ಬಣ್ಣ ನೋಡುತ್ತಾರೆ, ಮುಷ್ಟಿಯಲ್ಲಿ ಹಿಡಿದು ತೇವ ಅಂದಾಜು ಮಾಡುತ್ತಾರೆ. ಆಮೇಲೆ ಟೆಂಡರ್‌ನಲ್ಲಿ ದರ ಹಾಕುತ್ತಾರೆ. ಮಾರುವ ರೈತರು ಸಾವಿರಾರು ಜನ. ಒಬ್ಬೊಬ್ಬರ ಹತ್ತಿರ ಇರುವುದು ಕೆಲವೇ ಚೀಲ. ಕೊಳ್ಳುವವರು ಅದಕ್ಕಿಂತ ಬಹಳ ಕಡಿಮೆ ಜನ, ಅವರಿಗೆ ಆಂಧ್ರದ ಗುಂಟೂರು ಮಾರುಕಟ್ಟೆಯ ದರವೂ ಗೊತ್ತು, ಶೀತಲ ಗೋದಾಮಿನಲ್ಲಿ ಎಷ್ಟು ಸರಕಿದೆ ಅನ್ನುವುದೂ ಗೊತ್ತು. ರೈತನಿಗೆ ಸಂಜೆ ಬಾಡಿಗೆ ಗಾಡಿ ವಾಪಸ್ ಕಳಿಸಬೇಕು. ಹಾಗಾಗಿ ಬಂದ ದರಕ್ಕೆ ಒಪ್ಪುತ್ತಾನೆ.

2024ರ ಮಾರ್ಚ್‌ನಲ್ಲಿ ದರ ಒಮ್ಮೆಲೇ ಬಿದ್ದಾಗ ಇಲ್ಲಿ ವಾಹನಗಳಿಗೆ ಬೆಂಕಿ ಬಿತ್ತು, ಎಲ್ಲರೂ ಟಿವಿಯಲ್ಲಿ ನೋಡಿದ್ದೀರಿ. ಬೆಂಕಿ ಹಚ್ಚಿದ್ದನ್ನು ನಾನು ಒಪ್ಪುವುದಿಲ್ಲ. ಆದರೆ ಒಬ್ಬೊಬ್ಬನೇ ಬಂದು ಒಬ್ಬೊಬ್ಬನೇ ಮಾರುವ ತನಕ ರೈತನ ಕೈಯಲ್ಲಿ ಸಿಟ್ಟು ಬಿಟ್ಟು ಬೇರೆ ಯಾವ ಬಲವೂ ಇರುವುದಿಲ್ಲ. ಜಿಐ ಅಂದರೆ ಊರಿನ ಹೆಸರಿನ ಹಕ್ಕು ಕಾಯುವ ಮಾನ್ಯತೆ ಬಂತು, ಬ್ಯಾಡಗಿ ಹೆಸರಿಗೆ ಬೆಲೆ ಬಂತು. ಆ ಬೆಲೆ ಯಾರ ಕೈ ಸೇರುತ್ತದೆ ಅನ್ನುವುದು ಗಾಲ್‌ಬ್ರೇತ್ ಕೇಳಿದ ಪ್ರಶ್ನೆಯೇ.

ಗದಗದ ಓದುಗ

ಬ್ಯಾಡಗಿ ಅಕ್ಕಾರ ಮಾತಿಗೆ ನನ್ನದೊಂದು ಸೇರಿಕೆ. ಇದಕ್ಕೆ ನಾವು ಹಾರ್ವರ್ಡ್ ತನಕ ಹೋಗಬೇಕಿಲ್ಲ. ಗದಗ ಪಕ್ಕದ ಕಣಗಿನಹಾಳಕ್ಕೆ ಬನ್ನಿ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತು, ಮರುವರ್ಷ 1905ರಲ್ಲೇ ಸಿದ್ದನಗೌಡ ಪಾಟೀಲರು ಅಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಏಷ್ಯಾದಲ್ಲೇ ಮೊದಲನೆಯದು ಎಂದು ನಾವು ಹೆಮ್ಮೆಯಿಂದ ಹೇಳುವ ಸಂಘ. ಸಾಹುಕಾರನ ಬಡ್ಡಿಗೆ ಎದುರಾಗಿ ಊರವರೇ ಕೂಡಿಸಿಟ್ಟ ಬಲ ಅದು. ಆಗ ಗಾಲ್‌ಬ್ರೇತ್ ಇನ್ನೂ ಹುಟ್ಟಿರಲಿಲ್ಲ.

ಅವರನ್ನು ಸಣ್ಣವರನ್ನಾಗಿ ಮಾಡಲು ಇದನ್ನು ಹೇಳುತ್ತಿಲ್ಲ. ಅವರ ವಿಚಾರ ಓದುವಾಗ ನಮ್ಮ ಹುಡುಗರಿಗೆ ಉದಾಹರಣೆ ಮನೆ ಹತ್ತಿರವೇ ಇದೆ.

ರಾಣೆಬೆನ್ನೂರಿನವ, ಈಗ ಒಂಟಾರಿಯೊದಲ್ಲಿ

ಗ್ವೆಲ್ಫ್ ಹೆಸರು ನೋಡಿ ಬರೆಯುತ್ತಿದ್ದೇನೆ. ನಾನಿರುವುದು ಅಲ್ಲಿಂದ ಸ್ವಲ್ಪ ದೂರದಲ್ಲಿ. ಆ ಕೃಷಿ ಕಾಲೇಜು ಈಗ ಗ್ವೆಲ್ಫ್ ವಿಶ್ವವಿದ್ಯಾಲಯದ ಭಾಗ.

ವಲಸಿಗ ಅನ್ನುವ ಮಾತಿನ ಬಗ್ಗೆ ಒಂದು ವಿಷಯ ಸ್ಪಷ್ಟವಾಗಬೇಕು. ಅದೇ 1931ರಲ್ಲಿ ಧಾರವಾಡದಿಂದ ಅಷ್ಟೇ ಜಾಣ ಹುಡುಗನೊಬ್ಬ ಬರ್ಕ್ಲಿಗೆ ಹೋಗಿದ್ದರೆ ಏನಾಗುತ್ತಿತ್ತು? ಓದಲು ಬಿಡುತ್ತಿದ್ದರು. ಪೌರತ್ವ ಸಿಗುತ್ತಿರಲಿಲ್ಲ. ಭಗತ್ ಸಿಂಗ್ ಥಿಂಡ್ ಎಂಬುವವರ ಮೊಕದ್ದಮೆಯಲ್ಲಿ 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಭಾರತೀಯರು ಬಿಳಿಯರ ಲೆಕ್ಕಕ್ಕೆ ಬರುವುದಿಲ್ಲ, ಪೌರರಾಗುವಂತಿಲ್ಲ ಎಂದು ತೀರ್ಪು ಕೊಟ್ಟಿತ್ತು. ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲೇ ಇದ್ದವರು! 1924ರ ಕಾನೂನು ಏಷ್ಯಾದವರಿಗೆ ವಲಸೆಯ ಬಾಗಿಲನ್ನೇ ಹಾಕಿತು. ಬಾಗಿಲು ಸ್ವಲ್ಪ ತೆರೆದದ್ದು 1946ರಲ್ಲಿ, ಅದೂ ಇಡೀ ಭಾರತಕ್ಕೆ ವರ್ಷಕ್ಕೆ 100 ಜನ.

ಕೆನಡಾದ ಸ್ಕಾಟಿಷ್ ಮೂಲದ ಹುಡುಗನಿಗೆ ಗಡಿ ದಾಟುವುದು ಅಷ್ಟು ಕಷ್ಟವಿರಲಿಲ್ಲ. ಬಂದ ಆರು ವರ್ಷಕ್ಕೆ ಪೌರ, ಹತ್ತು ವರ್ಷಕ್ಕೆ ದೇಶದ ಬೆಲೆಗಳ ಅಧಿಕಾರಿ. ಅವರ ಪ್ರತಿಭೆ ದೊಡ್ಡದು, ನಾನು ಒಪ್ಪುತ್ತೇನೆ. ಆದರೆ ಪ್ರತಿಭೆಗೆ ತೆರೆದ ಬಾಗಿಲೂ ಬೇಕು. ನಾವು ಇಲ್ಲಿ ವೀಸಾ ಸಾಲಿನಲ್ಲಿ ವರ್ಷಗಟ್ಟಲೆ ನಿಂತವರು, ನಮಗೆ ಇದು ಚೆನ್ನಾಗಿ ಗೊತ್ತು. ತಮ್ಮಾ, ಹೊರಗೆ ಬರುವ ಮನಸ್ಸಿದ್ದರೆ ಬಾ. ಸಂಶೋಧನಾ ಸಹಾಯಕ ಹುದ್ದೆ ಸಿಕ್ಕರೆ ಮಾತ್ರ ಬಾ. ಹೊಲ ಅಡವಿಟ್ಟು ಸಾಲ ಮಾಡಿ ಬರಬೇಡ.

ಕೆಎಎಸ್ ತಯಾರಿ, ಧಾರವಾಡ

ಒಂದು ಪ್ರಶ್ನೆ. ಇವರು ಪರೀಕ್ಷೆ ಬರೆದು ರಾಯಭಾರಿ ಆದರಾ? ನಮ್ಮಲ್ಲಿ ಯುಪಿಎಸ್‌ಸಿ ಪಾಸಾಗಿ ಐಎಫ್‌ಎಸ್ (ವಿದೇಶಾಂಗ ಸೇವೆ) ಸೇರಬೇಕು. ಪ್ರೊಫೆಸರ್ ಒಬ್ಬರನ್ನು ನೇರವಾಗಿ ಹೇಗೆ ಕಳಿಸಿದರು?

ಸಪ್ತಾಪುರದ ನಿವೃತ್ತ ಉಪನ್ಯಾಸಕ

ಪರೀಕ್ಷೆ ಇಲ್ಲ. ಅಮೆರಿಕದಲ್ಲಿ ಅಧ್ಯಕ್ಷರು ತಮಗೆ ಬೇಕಾದವರ ಹೆಸರು ಸೂಚಿಸಬಹುದು, ಸೆನೆಟ್ ಒಪ್ಪಬೇಕು. ಮುಂದೆ ಅಧ್ಯಕ್ಷರಾದ ಜಾನ್ ಕೆನಡಿ ಹಾರ್ವರ್ಡ್‌ನಲ್ಲಿ ಓದುತ್ತಿದ್ದ ಕಾಲದಿಂದ ಗಾಲ್‌ಬ್ರೇತ್‌ಗೆ ಪರಿಚಯ. 1960ರ ಚುನಾವಣೆಯಲ್ಲಿ ಅವರಿಗಾಗಿ ದುಡಿದರು, ಭಾಷಣ ಬರೆದುಕೊಟ್ಟರು. ಗೆದ್ದ ಮೇಲೆ ಕೆನಡಿ ಅವರನ್ನು ದೆಹಲಿಗೆ ಕಳಿಸಿದರು. 1961ರ ಏಪ್ರಿಲ್‌ನಿಂದ 1963ರ ಜುಲೈವರೆಗೆ ಇಲ್ಲಿದ್ದರು. ಹತ್ತು ವರ್ಷದ ನಂತರ ರಾಯಭಾರಿಯಾಗಿ ಬಂದ ಮೊಯ್ನಿಹಾನ್ ಕೂಡ ಹಾರ್ವರ್ಡ್ ಪ್ರೊಫೆಸರೇ.

ಭಾರತ ಅವರಿಗೆ ಹೊಸದಾಗಿರಲಿಲ್ಲ. 1956ರಲ್ಲೇ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅವರ ಕರೆಯ ಮೇಲೆ ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿಗೆ ಬಂದಿದ್ದರು. ಎರಡನೇ ಪಂಚವಾರ್ಷಿಕ ಯೋಜನೆಯ ಕಾಲ ಅದು. ಅದರ ಹಿಂದಿನ ವರ್ಷ ಮುಕ್ತ ಮಾರುಕಟ್ಟೆಯ ಪರವಾದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಬಂದು ಆ ಯೋಜನೆಗೆ ಪೂರ್ತಿ ವಿರುದ್ಧವಾದ ಸಲಹೆ ಕೊಟ್ಟು ಹೋಗಿದ್ದರು. ಆ ಕಾಲದ ದೆಹಲಿ ಎಲ್ಲರ ಮಾತೂ ಕೇಳುತ್ತಿತ್ತು.

ವಿದ್ಯಾನಗರ, ಹುಬ್ಬಳ್ಳಿ

ಎಲ್ಲರೂ ಹೊಗಳುತ್ತಿದ್ದೀರಿ. ಇನ್ನೊಂದು ಬದಿಯನ್ನೂ ಈ ಹುಡುಗನಿಗೆ ಹೇಳಿ.

ಮೊದಲನೆಯದು ಗೋವಾ. 1961ರ ಡಿಸೆಂಬರ್‌ನಲ್ಲಿ ನಮ್ಮ ಸೈನ್ಯ ಬೆಳಗಾವಿಯಲ್ಲಿ ಸೇರಿ ಗೋವಾ ಕಡೆ ಹೊರಡುವಾಗ, ಇದನ್ನು ಮುಂದೂಡಿ ಎಂದು ನೆಹರೂ ಹತ್ತಿರ ಮತ್ತೆ ಮತ್ತೆ ಹೋಗಿ ಹೇಳಿದವರು ಇದೇ ಗಾಲ್‌ಬ್ರೇತ್. ಗೋವಾ ಆಳುತ್ತಿದ್ದ ಪೋರ್ಚುಗಲ್ ಅಮೆರಿಕದ ನ್ಯಾಟೋ ಸೇನಾ ಕೂಟದ ಸದಸ್ಯ, ಅದರ ಅಜೋರ್ಸ್ ದ್ವೀಪದಲ್ಲಿ ಅಮೆರಿಕದ ವಿಮಾನ ನೆಲೆ. ಹಾಗಾಗಿ 450 ವರ್ಷದ ಗುಲಾಮಗಿರಿ ಇನ್ನೂ ಸ್ವಲ್ಪ ದಿನ ಇರಲಿ ಅನ್ನುವ ಸಲಹೆ. ನೆಹರೂ ಕೇಳಲಿಲ್ಲ, ಡಿಸೆಂಬರ್ 19ಕ್ಕೆ ಗೋವಾ ನಮ್ಮದಾಯಿತು. ವಿಶ್ವಸಂಸ್ಥೆಯಲ್ಲಿ ಅಮೆರಿಕ ನಮ್ಮನ್ನು ಖಂಡಿಸಲು ಹೊರಟಿತು, ಸೋವಿಯತ್ ವೀಟೋ ಹಾಕಿ ತಡೆಯಿತು. ಗೋವಾ ವಿಮೋಚನೆಗೆ ಹೋರಾಡಿದವರು ನಮ್ಮ ಭಾಗದಲ್ಲೂ ಇದ್ದರು. ಅವರ ಮನೆಯಲ್ಲಿ ಹುಟ್ಟಿದವನಾಗಿ ನಾನು ಇದನ್ನು ಮರೆಯಲಾರೆ.

ಎರಡನೆಯದು ಅವರ ಅರ್ಥಶಾಸ್ತ್ರ. ಬೆಲೆ ನಿಯಂತ್ರಣದ ಮೇಲೆ ಕೊನೆಯವರೆಗೂ ನಂಬಿಕೆ ಇಟ್ಟಿದ್ದರು. ಸರಕಾರಕ್ಕೆ ಕಡ್ಡಾಯವಾಗಿ ಕೊಡುತ್ತಿದ್ದ ಲೆವಿ ಧಾನ್ಯ, ಪರ್ಮಿಟ್ಟು, ಕಾಳಸಂತೆ ನೋಡಿದ ನಮ್ಮ ಹಿರಿಯರನ್ನು ಕೇಳಿ, ನಿಯಂತ್ರಣ ಹೇಗೆ ಹಳಸುತ್ತದೆ ಅಂತ ಹೇಳುತ್ತಾರೆ. ಗಣಿತ ಇಲ್ಲ, ಪರೀಕ್ಷಿಸಿ ನೋಡುವಂಥ ಸಿದ್ಧಾಂತ ಇಲ್ಲ ಎಂದು ಸಹೋದ್ಯೋಗಿಗಳೇ ದೂರುತ್ತಿದ್ದರು. ನೊಬೆಲ್ ಬರಲಿಲ್ಲ. ಇವತ್ತು ಎಂಎ ಅರ್ಥಶಾಸ್ತ್ರದಲ್ಲಿ ಅವರ ಮಾದರಿ ಎಂದು ಬೋರ್ಡಿನ ಮೇಲೆ ಬರೆಯುವುದು ಏನಿದೆ ಹೇಳಿ.

ಸಪ್ತಾಪುರದ ನಿವೃತ್ತ ಉಪನ್ಯಾಸಕ

ಹುಬ್ಬಳ್ಳಿಯವರೇ, ಗೋವಾ ವಿಷಯದಲ್ಲಿ ನೀವು ಹೇಳಿದ್ದು ನಿಜ. ಅವರು ತಮ್ಮ ಸರಕಾರದ ರಾಯಭಾರಿ, ಸರಕಾರ ಹೇಳಿದ ಕೆಲಸ ಮಾಡಿದರು. ನೆಹರೂ ತಮ್ಮ ಕೆಲಸ ಮಾಡಿದರು. ಆದರೆ ಮರುವರ್ಷದ ಅಕ್ಟೋಬರ್ ನೋಡದೆ ಅವರನ್ನು ಅಳೆಯಬಾರದು.

1962ರ ಅಕ್ಟೋಬರ್ 20ರಂದು ಚೀನಾ ಲಡಾಖ್ ಮತ್ತು ನೇಫಾ (ಈಗಿನ ಅರುಣಾಚಲ) ಎರಡೂ ಕಡೆ ನುಗ್ಗಿತು. ಅದೇ ವಾರ ವಾಷಿಂಗ್ಟನ್ ಪೂರ್ತಿ ಕ್ಯೂಬಾದ ಕ್ಷಿಪಣಿಗಳ ಮೇಲೆ ಕಣ್ಣಿಟ್ಟು ಕೂತಿತ್ತು. ಪರಮಾಣು ಯುದ್ಧ ಆಗುತ್ತದೋ ಇಲ್ಲವೋ ಅನ್ನುವ ದಿನಗಳು. ದೆಹಲಿಯ ತಂತಿಗೆ ಉತ್ತರ ಕೊಡುವ ಪುರುಸೊತ್ತು ಯಾರಿಗೂ ಇರಲಿಲ್ಲ. ಗಾಲ್‌ಬ್ರೇತ್ ಆಗ ಬಹಳಷ್ಟನ್ನು ತಾವೇ ನಿರ್ಧರಿಸಬೇಕಾಯಿತು.

ನೇಫಾ ಮತ್ತು ಟಿಬೆಟ್ ನಡುವಿನ ಮ್ಯಾಕ್‌ಮಹೋನ್ ರೇಖೆಯೇ ಸರಿಯಾದ ಗಡಿ, ಅಮೆರಿಕ ಇದನ್ನು ಒಪ್ಪುತ್ತದೆ ಎಂದು ಬಹಿರಂಗವಾಗಿ ಹೇಳಿಸಿದರು. ಆವರೆಗೆ ಅಮೆರಿಕ ಇದರಲ್ಲಿ ಬಾಯಿ ಬಿಟ್ಟಿರಲಿಲ್ಲ. ತೈವಾನಿನ ಚಿಯಾಂಗ್ ಕೈ ಶೇಕ್ ಸರಕಾರವೂ ಆ ರೇಖೆಯನ್ನು ಒಪ್ಪುತ್ತಿರಲಿಲ್ಲ, ಅದು ಅಮೆರಿಕದ ಮಿತ್ರ. ಹಾಗಾಗಿ ಇದು ಸಣ್ಣ ಮಾತಲ್ಲ. ಈ ಹೊತ್ತಿನಲ್ಲಿ ಪಾಕಿಸ್ತಾನ ಕಾಶ್ಮೀರದ ಕಡೆ ಕೈ ಹಾಕದಂತೆ ಅಲ್ಲಿನ ಅಧ್ಯಕ್ಷ ಆಯೂಬ್ ಖಾನ್‌ಗೆ ಹೇಳಿ ಎಂದು ಕೆನಡಿಗೆ ಒತ್ತಾಯ ಮಾಡಿದರು. ಅಕ್ಟೋಬರ್ ಕೊನೆಗೆ ನೆಹರೂ ಶಸ್ತ್ರ ಕೇಳಿದರು, ನವೆಂಬರ್ ಮೊದಲ ವಾರದಲ್ಲೇ ಅಮೆರಿಕದ ವಿಮಾನಗಳು ಕಲ್ಕತ್ತೆಗೆ ಸಾಮಾನು ಇಳಿಸತೊಡಗಿದವು. ನೆಹರೂ ಜೀವಮಾನವಿಡೀ ಅಲಿಪ್ತ ನೀತಿ ಹೇಳಿದವರು. ಅವರ ಬಾಯಿಂದ ಆ ಬೇಡಿಕೆ ಬರುವುದು ಎಷ್ಟು ಕಷ್ಟ ಅನ್ನುವುದು ಗಾಲ್‌ಬ್ರೇತ್‌ಗೆ ಅರ್ಥವಾಗಿತ್ತು. ಮೈತ್ರಿಕೂಟಕ್ಕೆ ಸೇರಿ ಎಂದು ಆ ಹೊತ್ತಿನಲ್ಲಿ ಷರತ್ತು ಹಾಕಬೇಡಿ ಅನ್ನುವುದು ತಮ್ಮವರಿಗೆ ಅವರು ಕೊಟ್ಟ ಸಲಹೆ. ಇದನ್ನು ನಾನು ಅವರ ದೊಡ್ಡತನ ಅನ್ನುತ್ತೇನೆ.

ನವೆಂಬರ್ 19ಕ್ಕೆ ನೇಫಾದ ಸೇಲಾ, ಬೊಮ್ಡಿಲಾ ಎರಡೂ ನಮ್ಮ ಕೈಬಿಟ್ಟಿದ್ದವು. ನೆಹರೂ ಕೆನಡಿಗೆ ಪತ್ರ ಬರೆದು ಯುದ್ಧವಿಮಾನಗಳ 12 ಸ್ಕ್ವಾಡ್ರನ್ ಕೇಳಿದರು. 21ಕ್ಕೆ ಚೀನಾ ತಾನಾಗಿಯೇ ಕದನ ವಿರಾಮ ಸಾರಿತು.

ಒಂದು ವಿವಾದ ಮುಚ್ಚಿಡಬಾರದು. ನಮ್ಮ ವಾಯುಪಡೆಯನ್ನು ದಾಳಿಗೆ ಇಳಿಸಬೇಡಿ, ಚೀನಾ ಕಲ್ಕತ್ತೆಯಂಥ ನಗರಗಳ ಮೇಲೆ ಬಾಂಬು ಹಾಕಿದರೆ ತಡೆಯುವುದು ಕಷ್ಟ ಎಂದು ಅವರೂ ಸಲಹೆ ಕೊಟ್ಟವರಲ್ಲಿ ಒಬ್ಬರು. ವಾಯುಪಡೆ ಬಳಸಿದ್ದರೆ ಯುದ್ಧದ ಫಲ ಬೇರೆಯೇ ಆಗುತ್ತಿತ್ತು ಎಂದು ನಮ್ಮ ಸೇನಾಧಿಕಾರಿಗಳಲ್ಲಿ ಹಲವರು ಇವತ್ತಿಗೂ ವಾದಿಸುತ್ತಾರೆ. ನನಗೆ ಅವರ ವಾದದಲ್ಲಿ ತೂಕ ಕಾಣುತ್ತದೆ. ಬಾಂಬು ಹಾಕಿದರೂ ಜರ್ಮನಿ ಬಗ್ಗಲಿಲ್ಲ ಎಂದು 1945ರಲ್ಲಿ ಲೆಕ್ಕ ಹಾಕಿದ ಮನುಷ್ಯ, ಬಾಂಬಿನ ಮೇಲೆ ನಂಬಿಕೆ ಕಳೆದುಕೊಂಡಿದ್ದರು ಅನ್ನುವುದೂ ಇದರ ಹಿಂದೆ ಇದ್ದೀತು.

ಇನ್ನು ಅಭಿವೃದ್ಧಿ. ಐಐಟಿ ಕಾನ್ಪುರಕ್ಕೆ ಒಂಬತ್ತು ಅಮೆರಿಕನ್ ವಿಶ್ವವಿದ್ಯಾಲಯಗಳ ನೆರವಿನ ಯೋಜನೆ 1962ರಲ್ಲಿ ಶುರುವಾಯಿತು, 1963ರಲ್ಲಿ ಅಲ್ಲಿಗೆ ಐಬಿಎಂ 1620 ಕಂಪ್ಯೂಟರ್ ಬಂತು. ಇದಕ್ಕೆ ಅವರ ಬೆಂಬಲ ಇತ್ತು. ಬೊಕಾರೋ ಉಕ್ಕಿನ ಕಾರ್ಖಾನೆ ಅಮೆರಿಕದ ಹಣದಲ್ಲಿ ಆಗಲಿ, ಸರಕಾರಿ ಕಾರ್ಖಾನೆ ಆದರೂ ಪರವಾಗಿಲ್ಲ ಎಂದು ಬಹಳ ಹೋರಾಡಿದರು. ಸರಕಾರಿ ಉದ್ಯಮಕ್ಕೆ ನಮ್ಮ ಹಣ ಯಾಕೆ ಎಂದು ಅಲ್ಲಿನ ಸಂಸತ್ತು ತಡೆಯಿತು. 1963ರಲ್ಲಿ ನೆಹರೂ ಬೇಡಿಕೆ ವಾಪಸ್ ಪಡೆದರು. ಕೊನೆಗೆ ಕಟ್ಟಿಕೊಟ್ಟದ್ದು ಸೋವಿಯತ್. ಇದು ಅವರ ಸೋಲು.

ವಿದ್ಯಾನಗರ, ಹುಬ್ಬಳ್ಳಿ

1962ರ ಕೆಲಸಕ್ಕೆ ನನ್ನ ಗೌರವವಿದೆ. ಗೋವಾ ಬಗ್ಗೆ ನನ್ನ ಅಭಿಪ್ರಾಯ ಬದಲಾಗುವುದಿಲ್ಲ.

ಕೆಎಎಸ್ ತಯಾರಿ, ಧಾರವಾಡ

ಪಿಎಲ್ 480 ಎಂಬ ಕಾನೂನಿನಡಿ ಅಮೆರಿಕದ ಗೋಧಿ ಬಂದದ್ದೂ ಇವರ ಕಾಲದಲ್ಲೇ ಅಲ್ವಾ ಸರ್? ನಮ್ಮ ಅಜ್ಜಿ ಶಾಲೆಯ ಕೇರ್ ಉಪ್ಪಿಟ್ಟು, ಹಾಲಿನ ಪುಡಿ ಬಗ್ಗೆ ಹೇಳುತ್ತಾಳೆ.

ಸಪ್ತಾಪುರದ ನಿವೃತ್ತ ಉಪನ್ಯಾಸಕ

ಗೋಧಿಯ ದೊಡ್ಡ ಒಪ್ಪಂದ ಅವರಿಗಿಂತ ಮೊದಲೇ, 1960ರ ಮೇ ತಿಂಗಳಲ್ಲಿ ಆಗಿತ್ತು. ನಾಲ್ಕು ವರ್ಷಕ್ಕೆ 1 ಕೋಟಿ 60 ಲಕ್ಷ ಟನ್ ಗೋಧಿ, 10 ಲಕ್ಷ ಟನ್ ಅಕ್ಕಿ. ಅವರಿದ್ದ ಕಾಲದಲ್ಲಿ ಹಡಗುಗಳು ಬರುತ್ತಿದ್ದವು. ಬೆಲೆಯನ್ನು ರೂಪಾಯಿಯಲ್ಲಿ ಕಟ್ಟುತ್ತಿದ್ದೆವು, ಆ ರೂಪಾಯಿ ಗುಡ್ಡೆಯಾಗಿ ಅಮೆರಿಕದ ಖಾತೆಯಲ್ಲಿ ಇಲ್ಲೇ ಕೂತಿತು. ಅದರಲ್ಲಿ ದೊಡ್ಡ ಪಾಲನ್ನು ಮನ್ನಾ ಮಾಡಿ 1974ರಲ್ಲಿ 1,664 ಕೋಟಿ ರೂಪಾಯಿಯ ಚೆಕ್ ನಮ್ಮ ಸರಕಾರಕ್ಕೆ ಕೊಟ್ಟವರು ಮೊಯ್ನಿಹಾನ್. ಆ ಉಪ್ಪಿಟ್ಟು ಕೇರ್ ಎಂಬ ನೆರವು ಸಂಸ್ಥೆಯ ಮೂಲಕ ಬಂದದ್ದು, ಆದರೆ ಧಾನ್ಯ ಅದೇ ದೇಶದ್ದು.

ಗದಗದ ಓದುಗ

ಹುಬ್ಬಳ್ಳಿಯವರು ಬೋರ್ಡಿನ ಮೇಲೆ ಬರೆಯುವುದು ಏನಿದೆ ಎಂದರು. 1958ರಲ್ಲಿ ಅವರು ಹೇಳಿದ್ದು ಒಂದನ್ನು ಇಲ್ಲಿ ಇಡುತ್ತೇನೆ. ಮನೆಯೊಳಗೆ ಸಿರಿ, ಮನೆಯಾಚೆ ದೈನ್ಯ. ಜನರ ಕೈಯಲ್ಲಿ ಹೊಸ ಕಾರು ಇರುತ್ತದೆ, ಅದು ಓಡುವ ರಸ್ತೆ ಹಾಳಾಗಿರುತ್ತದೆ. ಅವರು ಬರೆದದ್ದು ಅಮೆರಿಕದ ಬಗ್ಗೆ.

ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಕೆಲವು ವಾರ್ಡುಗಳಿಗೆ 2008ರಿಂದ ದಿನದ 24 ಗಂಟೆ ನೀರು ಬರುತ್ತದೆ. ಸರಿಯಾಗಿ ಮಾಡಿದರೆ ಆಗುತ್ತದೆ ಎಂದು ಆಗಲೇ ತೋರಿಸಿಕೊಟ್ಟದ್ದಾಯಿತು. ಉಳಿದ ಎಷ್ಟೋ ಬಡಾವಣೆಗಳಲ್ಲಿ ಜನ ಇನ್ನೂ ದಿನ ಎಣಿಸುತ್ತಾ ಕೂತಿದ್ದಾರೆ. ನನ್ನ ತಂಗಿಯ ಮನೆ ಅಂಥ ಕಡೆ. ನೆಲದಡಿ ಸಂಪು, ಮೇಲೆ ಎರಡು ಟ್ಯಾಂಕು, ಹಿತ್ತಲಲ್ಲಿ ಬೋರು, ಅಡುಗೆಮನೆಯಲ್ಲಿ ಶುದ್ಧೀಕರಣ ಯಂತ್ರ. ಎಲ್ಲಾ ಸೇರಿ ಎಷ್ಟು ಖರ್ಚು ನೋಡಿ. ಆ ಬೀದಿಯವರೆಲ್ಲ ಇದಕ್ಕೆ ಹಾಕಿದ ಹಣ ಕೂಡಿಸಿದರೆ ಒಳ್ಳೆಯ ಪೈಪು ಹಾಕಬಹುದಿತ್ತು. ಸಂಪು ಕಟ್ಟಲು ಆಗದವರ ಹೆಣ್ಣುಮಕ್ಕಳು ರಾತ್ರಿ ಎದ್ದು ಕೊಡ ಹಿಡಿದು ನಿಲ್ಲುತ್ತಾರೆ. ಗಣಿತ ಇಲ್ಲದಿದ್ದರೂ ಈ ವಿಚಾರ ನಮ್ಮ ಬೀದಿಯನ್ನು ಇದ್ದ ಹಾಗೆ ತೋರಿಸುತ್ತದೆ. ನನಗೆ ಅಷ್ಟು ಸಾಕು.

ಅಗ್ರಿ ವಿದ್ಯಾರ್ಥಿ, ಧಾರವಾಡ

ಇಷ್ಟೆಲ್ಲಾ ಬರೆದುಕೊಟ್ಟ ಎಲ್ಲರಿಗೂ ಬಹಳ ಧನ್ಯವಾದ. ನಾನು ಬರೀ ಡಿಗ್ರಿಗಳ ಪಟ್ಟಿ ಸಿಗಬಹುದು ಅಂದುಕೊಂಡಿದ್ದೆ. ಈಗ ಒಂದು ಕೇಳುತ್ತೇನೆ ಸರ್. ಪ್ರೊಫೆಸರ್ ಆಗಿದ್ದವರು ರಾಯಭಾರಿ ಆಗಿ ಏನು ಬೇರೆ ಮಾಡಿದರು? ಮಾಮೂಲಿ ರಾಯಭಾರಿ ಮಾಡಲಾಗದ್ದು ಏನಾದರೂ ಇದೆಯಾ? ಮತ್ತೆ, ನಾನು ಈಗ ಎಲ್ಲಿಂದ ಶುರು ಮಾಡಲಿ?

ಸಪ್ತಾಪುರದ ನಿವೃತ್ತ ಉಪನ್ಯಾಸಕ

ತಮ್ಮಾ, ಪತ್ರಗಳು. ಅದೇ ಅವರ ವಿಶೇಷ.

ರಾಯಭಾರಿ ತನ್ನ ವರದಿಯನ್ನು ವಿದೇಶಾಂಗ ಇಲಾಖೆಗೆ ಕಳಿಸಬೇಕು. ಇಲಾಖೆ ಅದನ್ನು ಹತ್ತು ಟೇಬಲ್ ದಾಟಿಸಿ ಸಾರ ಮಾಡಿ ಮೇಲೆ ಕಳಿಸುತ್ತದೆ. ಗಾಲ್‌ಬ್ರೇತ್ ನೇರವಾಗಿ ಕೆನಡಿಗೇ ಬರೆಯುತ್ತಿದ್ದರು. ವಿದೇಶಾಂಗ ಕಾರ್ಯದರ್ಶಿ ಡೀನ್ ರಸ್ಕ್‌ಗೆ ಇದರಿಂದ ಬಹಳ ಕಿರಿಕಿರಿ. ಕೆನಡಿಗೆ ಮಾತ್ರ ಆ ಪತ್ರ ಓದುವುದು ಇಷ್ಟ, ಯಾಕೆಂದರೆ ಅವು ಚೆನ್ನಾಗಿ ಬರೆದ ಪತ್ರಗಳು. ಫಾರ್ಚೂನ್‌ನಲ್ಲಿ ಕಲಿತದ್ದು ಇಲ್ಲಿ ಕೆಲಸಕ್ಕೆ ಬಂತು.

ಆ ಪತ್ರಗಳೆಲ್ಲ ಭಾರತದ ಬಗ್ಗೆಯೇ ಅಲ್ಲ. 1961ರ ನವೆಂಬರ್‌ನಲ್ಲಿ ಸೈಗಾನ್‌ಗೆ ಹೋಗಿ ಕಣ್ಣಾರೆ ನೋಡಿ ಬಂದರು. ವಿಯೆಟ್ನಾಂನ ಸರಕಾರ ಜನರ ನಂಬಿಕೆ ಕಳೆದುಕೊಂಡಿದೆ, ನಮ್ಮ ಸೈನಿಕರನ್ನು ಕಳಿಸಬೇಡಿ ಅನ್ನುವ ಅರ್ಥದಲ್ಲಿ ಎಚ್ಚರಿಸಿದರು. 1962ರ ಏಪ್ರಿಲ್‌ನಲ್ಲಿ ಮತ್ತೆ ಬರೆದು, ಹಿಂದೆ ಅಲ್ಲಿ ಆಳಿದ ಫ್ರೆಂಚರ ಜಾಗದಲ್ಲಿ ನಾವು ನಿಂತು ಅವರ ಹಾಗೇ ರಕ್ತ ಸುರಿಸಬೇಕಾದೀತು ಎಂದರು. ಆಗ ಅಲ್ಲಿ ದೊಡ್ಡ ಯುದ್ಧ ಶುರುವೇ ಆಗಿರಲಿಲ್ಲ. ಅವರ ಮಾತು ನಡೆಯಲಿಲ್ಲ. ಮುಂದೆ 58,000ಕ್ಕೂ ಜಾಸ್ತಿ ಅಮೆರಿಕನ್ನರು, ಲಕ್ಷಾಂತರ ವಿಯೆಟ್ನಾಮಿಗಳು ಸತ್ತರು. ಹಾರ್ವರ್ಡ್‌ಗೆ ಮರಳಿದ ಮೇಲೆ ತಮ್ಮದೇ ಪಕ್ಷದ ಅಧ್ಯಕ್ಷ ಜಾನ್ಸನ್ ವಿರುದ್ಧ ನಿಂತು ಆ ಯುದ್ಧವನ್ನು ಬಹಿರಂಗವಾಗಿ ವಿರೋಧಿಸಿದರು. ಮರಳಲು ತನಗೊಂದು ಪಾಠದ ಕೋಣೆ ಇದೆ ಅನ್ನುವ ಧೈರ್ಯ ಅವರಿಗೆ ಇತ್ತು. ಹುದ್ದೆ ಕಳೆದುಕೊಂಡರೆ ಎಲ್ಲಾ ಮುಗಿಯಿತು ಅನ್ನುವವನಿಗೆ ಮೇಲಿನವರಿಗೆ ಬೇಡದ ಮಾತು ಹೇಳುವುದು ಕಷ್ಟ. 1943ರಲ್ಲಿ ಒಮ್ಮೆ ಕುರ್ಚಿ ಕಳೆದುಕೊಂಡು ಬದುಕಿದ್ದವರು ಅವರು.

ನಮ್ಮ ದೇಶ 2001ರಲ್ಲಿ ಅವರಿಗೆ ಪದ್ಮವಿಭೂಷಣ ಕೊಟ್ಟಿತು. 2006ರ ಏಪ್ರಿಲ್ 29ರಂದು ತೀರಿಕೊಂಡಾಗ 97 ವರ್ಷ.

ನಿನ್ನ ಎರಡನೇ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ನಿನ್ನ ವಿಶ್ವವಿದ್ಯಾಲಯದಲ್ಲೇ ಕೃಷಿ ಅರ್ಥಶಾಸ್ತ್ರ ಎಂಎಸ್ಸಿ ಇದೆ. ಐಸಿಎಆರ್ (ಭಾರತೀಯ ಕೃಷಿ ಸಂಶೋಧನಾ ಮಂಡಳಿ) ಪರೀಕ್ಷೆ ಬರೆದು ಫೆಲೋಶಿಪ್ ಹಿಡಿ. ಗಣಿತ, ಸಂಖ್ಯಾಶಾಸ್ತ್ರ ಬಿಡಬೇಡ. ಗಾಲ್‌ಬ್ರೇತ್ ಕಾಲದಲ್ಲಿ ಅದಿಲ್ಲದೆ ನಡೆಯಿತು, ಈಗ ನಡೆಯುವುದಿಲ್ಲ. ಹುಬ್ಬಳ್ಳಿಯವರ ಆ ಮಾತು ನಿನಗೆ ಬಹಳ ಉಪಯೋಗ. ಜೊತೆಗೆ ವಾರಕ್ಕೊಂದು ಪುಟ ಕನ್ನಡದಲ್ಲಿ ಬರೆ. ಬೆಲೆ ಯಾಕೆ ಬಿತ್ತು ಅನ್ನುವುದನ್ನು ನಿನ್ನ ಅಪ್ಪ ಓದಿ ತಿಳಿದುಕೊಳ್ಳುವಂತೆ ಬರೆ. ಅವರಿಗೆ ತಿಳಿಯದಿದ್ದರೆ ಮತ್ತೆ ಬರೆ. ಸಪ್ತಾಪುರದ ಕಡೆ ಬಂದಾಗ ನನಗೂ ತೋರಿಸು.

ಮೆಣಸಿನಕಾಯಿ ಮನೆ, ಬ್ಯಾಡಗಿ

ತಮ್ಮಾ, ಅಗ್ರಿ ವಿದ್ಯಾರ್ಥಿಗಳು ಹಳ್ಳಿಯಲ್ಲಿದ್ದು ಕಲಿಯುವ ರಾವೆ ಕಾರ್ಯಕ್ರಮಕ್ಕೆ ಹೋಗುವುದು ಇನ್ನೂ ಬಾಕಿ ಇದ್ದರೆ ಬ್ಯಾಡಗಿ ಸುತ್ತ ಕೇಳಿಕೋ. ಆಗಿದ್ದರೆ ಸುಮ್ನೆ ಒಂದು ದಿನ ಬಾ. ಮಾರುಕಟ್ಟೆ ಸೋಮವಾರ ಮತ್ತು ಗುರುವಾರ ಜೋರು. ಜನವರಿಯಿಂದ ಮಾರ್ಚ್ ಒಳಗೆ ಬಂದರೆ ಆವಕ ತುಂಬಾ ಇರುತ್ತದೆ, ನೋಡಲು ಸಿಗುತ್ತದೆ.

ಬೆಳಗ್ಗೆ ಬೇಗ ಬಾ, ಟೆಂಡರ್ ಶುರುವಾಗುವ ಮುಂಚೆ. ಮೊದಲು ಹಮಾಲರ ಹತ್ತಿರ ಮಾತಾಡು, ಅವರಿಗೆ ಎಲ್ಲಾ ಗೊತ್ತಿರುತ್ತದೆ. ಒಂದು ಲಾಟ್ ಹಿಡಿದುಕೋ. ಆ ರೈತ ಎಷ್ಟು ನಿರೀಕ್ಷೆ ಇಟ್ಟುಕೊಂಡು ಬಂದಿದ್ದ, ಎಷ್ಟು ಜನ ದರ ಹಾಕಿದರು, ಮೊದಲ ದರಕ್ಕೂ ಎರಡನೇ ದರಕ್ಕೂ ಎಷ್ಟು ಅಂತರ, ತೂಕದಲ್ಲಿ ಏನು ಕಳೆದರು, ಹಮಾಲಿ ಎಷ್ಟು, ಗಾಡಿ ಬಾಡಿಗೆ ಎಷ್ಟು, ಕೊನೆಗೆ ಕೈಗೆ ಎಷ್ಟು ಬಂತು. ಇಷ್ಟು ಬರೆದುಕೋ. ಸಂಘದ ಮೂಲಕ ಒಟ್ಟಿಗೆ ಮಾರಿದ ಲಾಟ್ ಒಂದರ ಲೆಕ್ಕ ನಾನು ಕೊಡುತ್ತೇನೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡು. ಖಾರಕ್ಕೆ ಕೆಮ್ಮು ಬರುತ್ತದೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಾ. ಮಧ್ಯಾಹ್ನ ನಮ್ಮ ಮನೆಯಲ್ಲೇ ರೊಟ್ಟಿ ಊಟ.